ಬ್ಯಾಟರಿ ಯಾರದು? ವಿದ್ಯುತ್ ಕಾರು ಕೊಳ್ಳುವುದರ ಚರಿತ್ರೆ

ಪೆಟ್ರೋಲ್ ಕಾರು ಕೊಳ್ಳಲು ಹೋದವರು ಬೆಲೆ ಕೇಳುತ್ತಾರೆ, ಲೀಟರಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂದು ಕೇಳುತ್ತಾರೆ. ಪೆಟ್ರೋಲ್ ಟ್ಯಾಂಕ್ ಎಷ್ಟು ವರ್ಷ ಬಾಳುತ್ತದೆ ಎಂದು ಯಾರೂ ಕೇಳುವುದಿಲ್ಲ. 35 ಲೀಟರಿನ ಟ್ಯಾಂಕಿನಲ್ಲಿ ಹತ್ತು ವರ್ಷಗಳ ನಂತರವೂ 35 ಲೀಟರ್ ಪೆಟ್ರೋಲ್ ಹಿಡಿಯುತ್ತದೆ. ವಿದ್ಯುತ್ ಕಾರಿನ ಸಂಗತಿ ಹಾಗಲ್ಲ. ಅದರ ಬ್ಯಾಟರಿ ಟ್ಯಾಂಕಿನಂತೆ ಬರಿಯ ಪಾತ್ರೆಯಲ್ಲ. ಒಳಗೆ ರಾಸಾಯನಿಕ ಕ್ರಿಯೆ ನಡೆಯುವ ಒಂದು ಸಣ್ಣ ಕಾರ್ಖಾನೆ. ಪ್ರತಿ ಸಲ ಚಾರ್ಜ್ ಆಗಿ ಖಾಲಿಯಾದಾಗಲೂ ಅದು ಅಷ್ಟಿಷ್ಟು ಸವೆಯುತ್ತದೆ. ಅಷ್ಟೇ ಅಲ್ಲ, ಇಡೀ ಕಾರಿನಲ್ಲಿ ಅತ್ಯಂತ ಬೆಲೆಬಾಳುವ ಭಾಗವೂ ಅದೇ.

ಆದ್ದರಿಂದ ವಿದ್ಯುತ್ ಕಾರಿಗೆ ಬೇಡಿಕೆ ಸಲ್ಲಿಸುವವರ ಮುಂದೆ ಬೇರೆ ಬಗೆಯ ಪ್ರಶ್ನೆಗಳಿರುತ್ತವೆ. ಬ್ಯಾಟರಿಗೆ ಎಷ್ಟು ವರ್ಷ ವಾರಂಟಿ? ಮನೆಯಲ್ಲಿ ಚಾರ್ಜ್ ಮಾಡುವುದು ಹೇಗೆ? ಬ್ಯಾಟರಿ ಸೋತರೆ ಹೊಸದರ ಖರ್ಚು ಯಾರ ತಲೆಗೆ? ಇವು ಈಚಿನ ಪ್ರಶ್ನೆಗಳೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಇವುಗಳಿಗೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ವಿದ್ಯುತ್ ಕಾರು ಗೆದ್ದದ್ದು, ಸೋತದ್ದು, ಮರಳಿ ಬಂದದ್ದು ಇವುಗಳಿಗೆಲ್ಲ ಹಲವು ಕಾರಣಗಳಿವೆ. ಅವುಗಳ ನಡುವೆ ಒಂದು ಎಳೆ ಮಾತ್ರ ಉದ್ದಕ್ಕೂ ಸಾಗಿ ಬರುತ್ತದೆ: ಬ್ಯಾಟರಿಯ ಮುಪ್ಪಿನ ಹೊಣೆಯನ್ನು ಯಾರು ಹೊರಬೇಕು ಎಂಬುದು.

ಮಾರದೆ ಬಾಡಿಗೆಗೆ ಬಿಟ್ಟ ಗಾಡಿಗಳು

ಮರಳಿ ಚಾರ್ಜ್ ಮಾಡಬಹುದಾದ ಸೀಸ-ಆಮ್ಲ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ರೂಪಿಸಿದ. 1881ರಲ್ಲಿ ಕಮೀಲ್ ಫೋರ್ ಸೀಸದ ಫಲಕಗಳಿಗೆ ಸೀಸದ ಆಕ್ಸೈಡಿನ ಲೇಪವನ್ನು ಕೊಟ್ಟು ಅದರ ಸಾಮರ್ಥ್ಯವನ್ನು ಹೆಚ್ಚಿಸಿದ. ಬಂಡಿಯನ್ನು ಎಳೆಯುವಷ್ಟು ವಿದ್ಯುತ್ತನ್ನು ಬಂಡಿಯಲ್ಲೇ ಒಯ್ಯಲು ಸಾಧ್ಯವಾದದ್ದು ಆಮೇಲೆ. 1890ರ ಸುಮಾರಿಗೆ ಅಮೆರಿಕದ ಅಯೋವಾ ರಾಜ್ಯದಲ್ಲಿ ವಿಲಿಯಂ ಮಾರಿಸನ್ ಒಂದು ವಿದ್ಯುತ್ ಗಾಡಿಯನ್ನು ಓಡಿಸಿದ. 1894ರಲ್ಲಿ ಫಿಲಡೆಲ್ಫಿಯಾದ ಹೆನ್ರಿ ಮಾರಿಸ್ ಮತ್ತು ಪೆಡ್ರೊ ಸಾಲೊಮ್ 'ಎಲೆಕ್ಟ್ರೊಬ್ಯಾಟ್' ಎಂಬ ಗಾಡಿಯನ್ನು ಕಟ್ಟಿದರು.

ಈ ಇಬ್ಬರು ಮುಂದಿಟ್ಟ ಹೆಜ್ಜೆ ಕುತೂಹಲಕರವಾಗಿದೆ. 1897ರಲ್ಲಿ ನ್ಯೂಯಾರ್ಕಿನಲ್ಲಿ ಅವರು ವಿದ್ಯುತ್ ಕ್ಯಾಬ್‌ಗಳನ್ನು ಓಡಿಸತೊಡಗಿದರು, ಆದರೆ ಯಾವ ಗಾಡಿಯನ್ನೂ ಮಾರಲಿಲ್ಲ. ಬಾಡಿಗೆಗೆ ಮಾತ್ರ ಕೊಟ್ಟರು. ಕ್ಯಾಬ್ ನಿಲ್ದಾಣಕ್ಕೆ ಗಾಡಿ ಬಂದಾಗ ಖಾಲಿಯಾದ ಭಾರಿ ಬ್ಯಾಟರಿಯನ್ನು ಯಂತ್ರದ ಸಹಾಯದಿಂದ ಹೊರಗೆಳೆದು, ಚಾರ್ಜ್ ಆದ ಇನ್ನೊಂದನ್ನು ಕೆಲವೇ ನಿಮಿಷಗಳಲ್ಲಿ ಒಳಗೆ ತಳ್ಳಲಾಗುತ್ತಿತ್ತು. ಬ್ಯಾಟರಿಯ ಆರೈಕೆ ಸಾಮಾನ್ಯ ಮಾಲೀಕನ ಕೈಗೆ ಮೀರಿದ ಕೆಲಸ, ಅದು ನುರಿತವರ ಕೈಯಲ್ಲೇ ಇರಬೇಕು ಎಂಬುದು ಈ ವ್ಯವಸ್ಥೆಯ ಹಿಂದಿದ್ದ ವಿಚಾರ.

ಆ ವಿಚಾರಕ್ಕೆ ರಾಸಾಯನಿಕ ಆಧಾರವಿತ್ತು. ಸೀಸ-ಆಮ್ಲ ಬ್ಯಾಟರಿಯಲ್ಲಿ ಒಂದು ಫಲಕ ಸೀಸದ್ದು, ಇನ್ನೊಂದು ಸೀಸದ ಡೈಆಕ್ಸೈಡಿನದು, ನಡುವೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ. ವಿದ್ಯುತ್ ಕೊಡುವಾಗ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಉಂಟಾಗುತ್ತದೆ. ಚಾರ್ಜ್ ಮಾಡಿದಾಗ ಅದು ಹಿಂದಿನ ರೂಪಕ್ಕೆ ಮರಳಬೇಕು. ಆದರೆ ಪೂರ್ತಿ ಖಾಲಿಯಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಸಲ್ಫೇಟಿನ ಹರಳುಗಳು ದೊಡ್ಡದಾಗಿ ಬೆಳೆದು, ಮರಳಿ ಕರಗದೆ ಉಳಿಯುತ್ತವೆ. ಜೊತೆಗೆ ರಸ್ತೆಯ ಕುಲುಕಾಟಕ್ಕೆ ಫಲಕದ ಲೇಪ ಉದುರುತ್ತದೆ. ಹೀಗೆ ಸಾಮರ್ಥ್ಯ ದಿನೇ ದಿನೇ ಕುಗ್ಗುತ್ತದೆ.

ಮಾರಿಸ್ ಮತ್ತು ಸಾಲೊಮ್ ಆರಂಭಿಸಿದ ಉದ್ಯಮವನ್ನು ದೊಡ್ಡ ಬಂಡವಾಳಗಾರರು ಕೊಂಡು ಅತಿಯಾಗಿ ವಿಸ್ತರಿಸಿದರು. ಬ್ಯಾಟರಿಗಳ ನಿರ್ವಹಣೆ ಹದಗೆಟ್ಟಿತು, ಹಣಕಾಸಿನ ಹಗರಣಗಳೂ ಸೇರಿಕೊಂಡವು. 1907ರ ವೇಳೆಗೆ ಕಂಪನಿ ಮುಳುಗಿತು.

ಲಾಯದಲ್ಲಿ ಪಾದರಸದ ದೀಪ

ಇಷ್ಟರಲ್ಲಿ ಖಾಸಗಿ ಕೊಳ್ಳುಗರು ಮುಂದೆ ಬಂದಿದ್ದರು. 1900ರ ಸುಮಾರಿಗೆ ಅಮೆರಿಕದ ರಸ್ತೆಗಳಲ್ಲಿದ್ದ ಮೋಟಾರು ಗಾಡಿಗಳಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ವಿದ್ಯುತ್ತಿನವು. ಅವು ಸದ್ದು ಮಾಡುತ್ತಿರಲಿಲ್ಲ, ಹೊಗೆ ಉಗುಳುತ್ತಿರಲಿಲ್ಲ. ಮುಖ್ಯವಾಗಿ, ಪೆಟ್ರೋಲ್ ಎಂಜಿನನ್ನು ಹೊರಡಿಸಲು ಮುಂದೆ ನಿಂತು ಹಿಡಿಕೆ ತಿರುವುವ ಅಪಾಯಕರ ಕೆಲಸ ಇವುಗಳಿಗೆ ಬೇಕಿರಲಿಲ್ಲ.

1907ರಲ್ಲಿ 'ಡೆಟ್ರಾಯಿಟ್ ಎಲೆಕ್ಟ್ರಿಕ್' ಕಾರುಗಳು ಮಾರುಕಟ್ಟೆಗೆ ಬಂದವು. ಗಂಟೆಗೆ ಸುಮಾರು 32 ಕಿ.ಮೀ. ವೇಗ, ಒಂದು ಚಾರ್ಜಿಗೆ ಸುಮಾರು 130 ಕಿ.ಮೀ. ದೂರ. ಪೆಟ್ರೋಲ್ ಕಾರುಗಳ ಸಾಮ್ರಾಟ ಹೆನ್ರಿ ಫೋರ್ಡ್ ತನ್ನ ಪತ್ನಿ ಕ್ಲಾರಾಗೆ ಕೊಂಡುಕೊಟ್ಟದ್ದು ಇಂಥ ವಿದ್ಯುತ್ ಕಾರನ್ನೇ.

ಕಾರು ಮನೆಗೆ ಬಂದರೆ ಸಾಕೆ? ಚಾರ್ಜ್ ಮಾಡುವ ಏರ್ಪಾಟೂ ಬೇಕು. ಇಲ್ಲಿ ಭೌತವಿಜ್ಞಾನದ ಒಂದು ತೊಡಕು ಎದುರಾಯಿತು. ಬ್ಯಾಟರಿಗೆ ಬೇಕಾದದ್ದು ಒಂದೇ ದಿಕ್ಕಿನಲ್ಲಿ ಹರಿಯುವ ನೇರ ವಿದ್ಯುತ್. ಆದರೆ ಮನೆಗಳಿಗೆ ಹೆಚ್ಚೆಚ್ಚಾಗಿ ಬರತೊಡಗಿದ್ದು ಪರ್ಯಾಯ ವಿದ್ಯುತ್. ಅದನ್ನು ನೇರ ವಿದ್ಯುತ್ತಾಗಿ ಬದಲಿಸುವ ಸಾಧನಕ್ಕೆ ರೆಕ್ಟಿಫೈಯರ್ ಎಂದು ಹೆಸರು. ಇಂದು ನಮ್ಮ ಮೊಬೈಲ್ ಚಾರ್ಜರಿನಲ್ಲಿ ಈ ಕೆಲಸವನ್ನು ಸಿಲಿಕಾನ್ ಡಯೋಡುಗಳು ಮಾಡುತ್ತವೆ. ಆಗ ಅವು ಇರಲಿಲ್ಲ. 1902ರಲ್ಲಿ ಪೀಟರ್ ಕೂಪರ್ ಹೆವಿಟ್ ಪಾದರಸ-ಚಾಪ ರೆಕ್ಟಿಫೈಯರನ್ನು ಕಂಡುಹಿಡಿದ. ನಿರ್ವಾತಗೊಳಿಸಿದ ದೊಡ್ಡ ಗಾಜಿನ ಬುರುಡೆಯಲ್ಲಿ ಪಾದರಸದ ಕೊಳ. ಅದರ ಆವಿಯ ಮೂಲಕ ಪ್ರವಾಹ ಒಂದೇ ದಿಕ್ಕಿಗೆ ಹರಿಯುತ್ತಿತ್ತು. ಅನುಕೂಲಸ್ಥರು ಕುದುರೆ ಲಾಯವನ್ನು ಕಾರಿನ ಮನೆಯಾಗಿಸಿಕೊಂಡು ಅಲ್ಲಿ ನೀಲಿ ಬೆಳಕು ಬೀರುವ ಈ ಬುರುಡೆಯನ್ನು ಹಾಕಿಸಿಕೊಂಡರು. ಉಳಿದವರು ಊರಿನ ಸಾರ್ವಜನಿಕ ಗ್ಯಾರೇಜಿಗೆ ಕಾರನ್ನು ರಾತ್ರಿ ಒಪ್ಪಿಸಿ, ಬೆಳಿಗ್ಗೆ ಚಾರ್ಜ್ ಆದದ್ದನ್ನು ಪಡೆಯುತ್ತಿದ್ದರು.

ಬೇಡಿಕೆ ಸಲ್ಲಿಸುವಾಗ ಇನ್ನೊಂದು ಆಯ್ಕೆಯೂ ಇತ್ತು. ಥಾಮಸ್ ಎಡಿಸನ್ ನಿಕ್ಕಲ್-ಕಬ್ಬಿಣದ ಕ್ಷಾರೀಯ ಬ್ಯಾಟರಿಯನ್ನು ತಯಾರಿಸಿದ್ದ. ಅದರ ಮೊದಲ ಮಾದರಿಯಲ್ಲಿ ಸೋರಿಕೆ, ಸಾಮರ್ಥ್ಯದ ಕುಸಿತ ಕಂಡುಬಂದಾಗ 1904ರಲ್ಲಿ ಉತ್ಪಾದನೆಯನ್ನೇ ನಿಲ್ಲಿಸಿ, ವರ್ಷಗಟ್ಟಲೆ ಪ್ರಯೋಗ ಮಾಡಿ ಸುಧಾರಿತ ಬ್ಯಾಟರಿಯನ್ನು ಮರಳಿ ತಂದ. 1911ರಿಂದ ಡೆಟ್ರಾಯಿಟ್ ಎಲೆಕ್ಟ್ರಿಕ್ ಕೊಳ್ಳುವವರು 600 ಡಾಲರ್ ಹೆಚ್ಚು ತೆತ್ತು ಎಡಿಸನ್ ಬ್ಯಾಟರಿಯನ್ನು ಹಾಕಿಸಿಕೊಳ್ಳಬಹುದಿತ್ತು. ಅದು ದೀರ್ಘಕಾಲ ಬಾಳುತ್ತಿತ್ತು. ಆದರೆ ಚಳಿಯಲ್ಲಿ ಮಂಕಾಗುತ್ತಿತ್ತು. 1912ರಲ್ಲಿ ಇಡೀ ಪೆಟ್ರೋಲ್ ಕಾರೊಂದು ಸುಮಾರು 650 ಡಾಲರಿಗೆ ಸಿಗುತ್ತಿತ್ತು ಎಂಬುದನ್ನು ಗಮನಿಸಿದರೆ ಬ್ಯಾಟರಿಯ ಮುಪ್ಪನ್ನು ಮುಂದೂಡಲು ಎಷ್ಟು ಬೆಲೆ ತೆರಬೇಕಿತ್ತು ಎಂಬುದು ಅರ್ಥವಾಗುತ್ತದೆ.

ಹಾರ್ಟ್‌ಫರ್ಡಿನ ಉಪಾಯ

ಈ ಭಾರವನ್ನು ಕೊಳ್ಳುಗನ ತಲೆಯಿಂದ ಇಳಿಸುವ ಒಂದು ಜಾಣ ಉಪಾಯ 1910ರ ದಶಕದಲ್ಲಿ ಜಾರಿಗೆ ಬಂತು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಎಲೆಕ್ಟ್ರಿಕ್ ಲೈಟ್ ಕಂಪನಿ ಊರಿಗೆ ವಿದ್ಯುತ್ ಪೂರೈಸುವ ಸಂಸ್ಥೆ. ಅದರ ಯೋಜನೆಯಂತೆ ವರ್ತಕರು ಜನರಲ್ ವೆಹಿಕಲ್ ಕಂಪನಿಯಿಂದ ವಿದ್ಯುತ್ ಟ್ರಕ್ಕನ್ನು ಬ್ಯಾಟರಿ ಇಲ್ಲದೆಯೇ ಕೊಳ್ಳುತ್ತಿದ್ದರು. ಬ್ಯಾಟರಿ ವಿದ್ಯುತ್ ಕಂಪನಿಯದು. ಖಾಲಿಯಾದಾಗ ಬದಲಿಸಿ ಕೊಡುವುದು, ಹಳತಾದಾಗ ಹೊಸದನ್ನು ತರುವುದು ಎಲ್ಲವೂ ಅದರ ಹೊಣೆ. ಗಾಡಿಯ ಒಡೆಯ ತಿಂಗಳಿಗಿಷ್ಟು ಸೇವಾಶುಲ್ಕವನ್ನೂ, ಓಡಿದ ಮೈಲಿಗೆ ಇಷ್ಟೆಂದು ದರವನ್ನೂ ಕೊಡಬೇಕು.

ಈ ಸೇವೆ 1924ರವರೆಗೆ ನಡೆಯಿತು. ಅಷ್ಟರಲ್ಲಿ ಅದರ ಗಾಡಿಗಳು ಒಟ್ಟು 60 ಲಕ್ಷ ಮೈಲಿಗೂ ಹೆಚ್ಚು, ಎಂದರೆ ಸುಮಾರು 96 ಲಕ್ಷ ಕಿ.ಮೀ. ಓಡಿದ್ದವು. 1917ರಿಂದ ಷಿಕಾಗೊದಲ್ಲಿ ಮಿಲ್ಬರ್ನ್ ಎಂಬ ವಿದ್ಯುತ್ ಕಾರಿನ ಮಾಲೀಕರಿಗೂ ಇಂಥದೇ ಸೇವೆ ದೊರೆಯಿತು. ಈ ಉಪಾಯ ತಾಂತ್ರಿಕವಾಗಿ ಸೋಲಲಿಲ್ಲ ಎಂಬುದು ನೆನಪಿಡಬೇಕಾದ ಅಂಶ. ಸೋತದ್ದು ಅದು ಆಧರಿಸಿದ್ದ ವಾಹನ.

ಸೋಲಿಗೆ ಕಾರಣಗಳು ಸ್ಪಷ್ಟ. ಫೋರ್ಡ್ ಕಂಪನಿಯ ಟಿ ಮಾದರಿಯ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯಿತು. 1912ರಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿನಲ್ಲಿ ಬಂದಿತು. ಹಿಡಿಕೆ ತಿರುವುವ ಕಷ್ಟ ತಪ್ಪಿತು. ವಿದ್ಯುತ್ ಕಾರಿನ ದೊಡ್ಡ ಅನುಕೂಲವೊಂದನ್ನು ಒಂದು ಪುಟ್ಟ ವಿದ್ಯುತ್ ಮೋಟಾರೇ ಕಿತ್ತುಕೊಂಡದ್ದು ವಿಪರ್ಯಾಸ. ಊರೂರಿಗೆ ರಸ್ತೆಗಳಾದವು, ದೂರದ ಪ್ರಯಾಣ ಹೆಚ್ಚಿತು, ಪೆಟ್ರೋಲ್ ಅಗ್ಗವಾಯಿತು. ಡೆಟ್ರಾಯಿಟ್ ಎಲೆಕ್ಟ್ರಿಕ್ ಕಂಪನಿ ಕೊನೆಕೊನೆಗೆ ಯಾರಾದರೂ ಬೇಡಿಕೆ ಸಲ್ಲಿಸಿದರೆ ಮಾತ್ರ ಒಂದೊಂದೇ ಕಾರು ಕಟ್ಟಿಕೊಡುತ್ತ 1939ರವರೆಗೆ ಉಸಿರು ಹಿಡಿದಿತ್ತು.

ಕೊಳ್ಳಲು ಬಾರದ ಕಾರು

ಮುಂದಿನ ಮುಖ್ಯ ಅಧ್ಯಾಯ ತೆರೆದದ್ದು ಅರ್ಧ ಶತಮಾನ ಕಳೆದ ಮೇಲೆ. ವಾಯುಮಾಲಿನ್ಯದಿಂದ ಕಂಗೆಟ್ಟ ಕ್ಯಾಲಿಫೋರ್ನಿಯಾ ರಾಜ್ಯ 1990ರಲ್ಲಿ ಒಂದು ನಿಯಮ ಮಾಡಿತು. ಅದರಂತೆ 1998ರಿಂದ ದೊಡ್ಡ ಕಂಪನಿಗಳು ಅಲ್ಲಿ ಮಾರುವ ಕಾರುಗಳಲ್ಲಿ ಶೇಕಡಾ 2ರಷ್ಟು ಹೊಗೆರಹಿತವಾಗಿರಬೇಕಿತ್ತು. ಮುಂದೆ ಈ ನಿಯಮವನ್ನು ಸಡಿಲಿಸಲಾಯಿತು. ಜನರಲ್ ಮೋಟಾರ್ಸ್ ತನ್ನ 'ಇವಿ-1' ಕಾರನ್ನು 1996ರ ಡಿಸೆಂಬರಿನಲ್ಲಿ ಗ್ರಾಹಕರ ಕೈಗೆ ಕೊಟ್ಟಿತು. ಆದರೆ ಮಾರಲಿಲ್ಲ, ತಿಂಗಳ ಬಾಡಿಗೆಯ ಲೀಸ್ ಕರಾರಿನ ಮೇಲೆ ಮಾತ್ರ ಕೊಟ್ಟಿತು.

ಅದರ ಬ್ಯಾಟರಿಯ ಲೆಕ್ಕ ನೋಡಿ. 533 ಕಿಲೋಗ್ರಾಂ ತೂಕದ ಸೀಸ-ಆಮ್ಲ ಬ್ಯಾಟರಿಗಳಲ್ಲಿ ಹಿಡಿಯುತ್ತಿದ್ದ ಶಕ್ತಿ 16.5 ಯುನಿಟ್, ಅಂದರೆ ಕಿಲೋಗ್ರಾಮಿಗೆ ಸುಮಾರು 31 ವಾಟ್-ಗಂಟೆ. ಅಷ್ಟೇ ಶಕ್ತಿ ಎರಡು ಲೀಟರಿಗಿಂತ ಕಡಿಮೆ ಪೆಟ್ರೋಲಿನಲ್ಲಿದೆ. ಆದರೂ ಆ ಕಾರು ಒಂದು ಚಾರ್ಜಿಗೆ 100 ಕಿ.ಮೀ.ಗೂ ಹೆಚ್ಚು ಓಡುತ್ತಿತ್ತು. ವಿದ್ಯುತ್ ಮೋಟಾರು ತನಗೆ ದೊರೆತ ಶಕ್ತಿಯ ಬಹುಪಾಲನ್ನು ಚಲನೆಯಾಗಿ ಬದಲಿಸುತ್ತದೆ. ಪೆಟ್ರೋಲ್ ಎಂಜಿನ್ ಮುಕ್ಕಾಲು ಪಾಲನ್ನು ಶಾಖವಾಗಿ ಚೆಲ್ಲುತ್ತದೆ. 1999ರ ಮಾದರಿಯಲ್ಲಿ ನಿಕ್ಕಲ್-ಮೆಟಲ್ ಹೈಡ್ರೈಡ್ ಬ್ಯಾಟರಿ ಬಂದು ದೂರ ಇನ್ನಷ್ಟು ಹೆಚ್ಚಿತು.

ಲೀಸ್ ಪದ್ಧತಿಯಲ್ಲಿ ಬ್ಯಾಟರಿ ಸೋತರೆ ನಷ್ಟ ಕಂಪನಿಯದು, ಬಳಕೆದಾರ ನಿಶ್ಚಿಂತ. ಆದರೆ ಅದರ ಇನ್ನೊಂದು ಮುಖವೂ ಕಾಣಿಸಿತು. ಕಾರು ತನ್ನದಲ್ಲವಾದ್ದರಿಂದ ಉಳಿಸಿಕೊಳ್ಳುವ ಹಕ್ಕೂ ಬಳಕೆದಾರನಿಗಿರಲಿಲ್ಲ. ಕಂಪನಿ ಯೋಜನೆಯನ್ನು ನಿಲ್ಲಿಸಿ ಕಾರುಗಳನ್ನು ಮರಳಿ ಪಡೆಯಿತು. ಹಣ ಕೊಟ್ಟು ಕೊಳ್ಳುತ್ತೇವೆಂದು ಹಲವರು ಅಂಗಲಾಚಿದರೂ ಒಪ್ಪಲಿಲ್ಲ. ತಯಾರಾದ 1,117 ಕಾರುಗಳಲ್ಲಿ ಹೆಚ್ಚಿನವನ್ನು ಜಜ್ಜಿ ಗುಜರಿಗೆ ಹಾಕಲಾಯಿತು. ಕೆಲವನ್ನು ಓಡದಂತೆ ಮಾಡಿ ವಸ್ತುಸಂಗ್ರಹಾಲಯಗಳಿಗೂ ವಿಶ್ವವಿದ್ಯಾಲಯಗಳಿಗೂ ಕೊಡಲಾಯಿತು.

ಬೆಂಗಳೂರಿನ ರೇವಾ

ಅಮೆರಿಕದಲ್ಲಿ ಈ ಕಾರು ಮರೆಯಾಗುವ ಹೊತ್ತಿಗೆ ಬೆಂಗಳೂರಿನಲ್ಲಿ ಬೇರೊಂದು ಪ್ರಯತ್ನ ಫಲ ಕೊಟ್ಟಿತ್ತು. ಮೈನಿ ಸಮೂಹ ಮತ್ತು ಕ್ಯಾಲಿಫೋರ್ನಿಯಾದ ಅಮೆರಿಗಾನ್ ಸಂಸ್ಥೆಗಳು 1994ರಲ್ಲಿ ಜೊತೆಗೂಡಿ ರೇವಾ ವಿದ್ಯುತ್ ಕಾರು ಕಂಪನಿಯನ್ನು ಆರಂಭಿಸಿದವು. ಇದರ ಮುಂದಾಳು ಚೇತನ್ ಮೈನಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ ಸೌರಶಕ್ತಿ ಕಾರನ್ನು ಕಟ್ಟಿದ ತಂಡದಲ್ಲಿದ್ದವರು. 2001ರಲ್ಲಿ ರೇವಾ ಕಾರು ಮಾರುಕಟ್ಟೆಗೆ ಬಂದಿತು.

ಎರಡು ಬಾಗಿಲು, ಮುಂದೆ ಇಬ್ಬರು ದೊಡ್ಡವರಿಗೆ, ಹಿಂದೆ ಇಬ್ಬರು ಮಕ್ಕಳಿಗೆ ಜಾಗ. 6 ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳ ಸರಣಿ, ಒಟ್ಟು 48 ವೋಲ್ಟ್. 200 ಆಂಪೇರ್-ಗಂಟೆ ಸಾಮರ್ಥ್ಯದಿಂದ ಗುಣಿಸಿದರೆ 9.6 ಯುನಿಟ್. ಒಂದು ಚಾರ್ಜಿಗೆ 80 ಕಿ.ಮೀ. ಎಂಬುದು ಕಂಪನಿಯ ಲೆಕ್ಕ. ವಿಶೇಷ ಚಾರ್ಜರ್ ಕಟ್ಟೆ ಬೇಕಿರಲಿಲ್ಲ; ಮನೆಯ 15 ಆಂಪೇರ್ ಸಾಕೆಟ್ಟಿಗೆ ತಗುಲಿಸಿದರೆ ಎಂಟು ಗಂಟೆಯೊಳಗೆ ಪೂರ್ತಿ ಚಾರ್ಜ್ ಆಗುತ್ತಿತ್ತು.

ಇಲ್ಲಿ ಕೊಳ್ಳುಗ ಕಾರಿಗೂ ಬ್ಯಾಟರಿಗೂ ತಾನೇ ಒಡೆಯ. ದಿನದಿನದ ಖರ್ಚು ಪೆಟ್ರೋಲಿಗಿಂತ ಬಹಳ ಕಡಿಮೆ. ಆದರೆ ಕೆಲವು ವರ್ಷಗಳಿಗೊಮ್ಮೆ ಬ್ಯಾಟರಿ ಸರಣಿಯನ್ನೇ ಬದಲಿಸಬೇಕಾದಾಗ ಆ ಉಳಿತಾಯದ ಒಂದು ಪಾಲು ಒಮ್ಮೆಗೇ ಕೈಬಿಡುತ್ತಿತ್ತು.

ರೇವಾಗೆ ಹೆಚ್ಚು ಹೆಸರು ಬಂದದ್ದು ಲಂಡನ್ನಿನಲ್ಲಿ. 2003ರ ಫೆಬ್ರವರಿಯಲ್ಲಿ ಆ ನಗರದ ಮಧ್ಯಭಾಗಕ್ಕೆ ಬರುವ ವಾಹನಗಳ ಮೇಲೆ ದಟ್ಟಣೆ ಶುಲ್ಕ ಹೇರಲಾಯಿತು. ವಿದ್ಯುತ್ ವಾಹನಗಳಿಗೆ ಆಗ ವಿನಾಯಿತಿ ಇತ್ತು. 2004ರಿಂದ 'ಜಿ-ವಿಜ್' ಎಂಬ ಹೆಸರಿನಲ್ಲಿ ಬೆಂಗಳೂರಿನ ಬೊಮ್ಮಸಂದ್ರದ ಕಾರು ಅಲ್ಲಿ ಮಾರಾಟವಾಯಿತು. 2009ರಲ್ಲಿ ಲಿಥಿಯಮ್ ಬ್ಯಾಟರಿಯ ಮಾದರಿ ಬಂತು. 2010ರಲ್ಲಿ ಮಹೀಂದ್ರಾ ಸಂಸ್ಥೆ ರೇವಾ ಕಂಪನಿಯ ಬಹುಪಾಲನ್ನು ಕೊಂಡು, 2013ರಲ್ಲಿ 'ಇ2ಒ' ಕಾರನ್ನು ಹೊರತಂದಿತು.

ಲಿಥಿಯಮ್ ಮತ್ತು ಲಿಖಿತ ಭರವಸೆ

ಸೀಸಕ್ಕೆ ಹೋಲಿಸಿದರೆ ಲಿಥಿಯಮ್-ಅಯಾನ್ ಬ್ಯಾಟರಿ ಕಿಲೋಗ್ರಾಮಿಗೆ ಹಲವು ಪಟ್ಟು ಶಕ್ತಿ ಹಿಡಿಯುತ್ತದೆ. 2008ರಲ್ಲಿ ಗ್ರಾಹಕರ ಕೈ ಸೇರಿದ ಟೆಸ್ಲಾ ರೋಡ್‌ಸ್ಟರ್ ಕಾರಿನಲ್ಲಿ ಲ್ಯಾಪ್‌ಟಾಪಿನಲ್ಲಿ ಬಳಸುವ ಬಗೆಯ 6,831 ಪುಟ್ಟ ಕೋಶಗಳಿದ್ದವು. 2010ರಲ್ಲಿ ನಿಸಾನ್ ಕಂಪನಿ 'ಲೀಫ್' ಕಾರಿಗೆ ಅಮೆರಿಕದಲ್ಲಿ 99 ಡಾಲರ್ ಮುಂಗಡ ಪಡೆದು ಹೆಸರು ನೋಂದಾಯಿಸಿಕೊಂಡಿತು. ಆ ವರ್ಷದ ಡಿಸೆಂಬರಿನಲ್ಲಿ ಮೊದಲ ಕಾರು ಗ್ರಾಹಕನ ಮನೆ ಸೇರಿತು.

ಲಿಥಿಯಮ್ ಬ್ಯಾಟರಿಗೂ ಮುಪ್ಪು ತಪ್ಪಿದ್ದಲ್ಲ. ಗ್ರಾಫೈಟ್ ವಿದ್ಯುದ್ವಾರದ ಮೇಲೆ ತೆಳುವಾದ ಒಂದು ಪದರ ಕಟ್ಟುತ್ತದೆ. ಅದು ಬೇಕಾದ ಪದರವೇ. ಆದರೆ ದಿನ ಕಳೆದಂತೆ ದಪ್ಪವಾಗುತ್ತ, ಓಡಾಡಬೇಕಾದ ಲಿಥಿಯಮ್ ಅಯಾನುಗಳನ್ನು ತನ್ನಲ್ಲೇ ಹಿಡಿದಿಡುತ್ತದೆ. ಬಿಸಿ ಹೆಚ್ಚಿದಷ್ಟೂ ಈ ಕ್ರಿಯೆ ಚುರುಕು. ಲೀಫ್ ಕಾರಿನ ಬ್ಯಾಟರಿಗೆ ದ್ರವದಿಂದ ತಣಿಸುವ ಏರ್ಪಾಟು ಇರಲಿಲ್ಲ. ಅಮೆರಿಕದ ಸುಡುಬಿಸಿಲಿನ ಅರಿಜೋನಾ ರಾಜ್ಯದಲ್ಲಿ 2012ರಲ್ಲಿ ಹಲವು ಮಾಲೀಕರು ಬ್ಯಾಟರಿ ನಿರೀಕ್ಷೆಗಿಂತ ಬೇಗ ಸೊರಗುತ್ತಿದೆ ಎಂದು ದೂರಿದರು. ಆ ವರ್ಷದ ಕೊನೆಗೆ ಕಂಪನಿ ಹೊಸ ಭರವಸೆ ಕೊಟ್ಟಿತು: ಐದು ವರ್ಷ ಅಥವಾ 60,000 ಮೈಲಿಯೊಳಗೆ, ಸಾಮರ್ಥ್ಯ ತೋರಿಸುವ 12 ಗೆರೆಗಳಲ್ಲಿ 9ಕ್ಕಿಂತ ಕಡಿಮೆ ಉಳಿದರೆ ದುರಸ್ತಿ ಮಾಡುವುದು ಅಥವಾ ಬದಲಿಸುವುದು ತನ್ನ ಹೊಣೆ ಎಂದು.

ಮೇಲುನೋಟಕ್ಕೆ ಇದು ಸಣ್ಣ ಬದಲಾವಣೆ. ಆದರೆ ಬ್ಯಾಟರಿ ಕೆಟ್ಟರೆ ಮಾತ್ರವಲ್ಲ, ಸವೆದರೂ ಹೊಣೆ ತಯಾರಕನದು ಎಂದು ಅಂಕಿಸಂಖ್ಯೆಯಲ್ಲಿ ಬರೆದುಕೊಟ್ಟದ್ದು ಚರಿತ್ರೆಯ ತಿರುವು. ಅಲ್ಲಿಂದ ಮುಂದೆ ಬ್ಯಾಟರಿಗೆ ದೀರ್ಘಕಾಲದ ವಾರಂಟಿ ಕೊಡುವುದು ರೂಢಿಯಾಯಿತು. 2016ರ ಮಾರ್ಚ್ 31ರಂದು ಟೆಸ್ಲಾ 'ಮಾಡೆಲ್ 3' ಕಾರನ್ನು ಪ್ರದರ್ಶಿಸಿದಾಗ ಒಂದೇ ವಾರದಲ್ಲಿ 3 ಲಕ್ಷ 25 ಸಾವಿರಕ್ಕೂ ಹೆಚ್ಚು ಮಂದಿ 1,000 ಡಾಲರ್ ಮುಂಗಡ ಕೊಟ್ಟು ಕಾದರು. ಮೊದಲ 30 ಕಾರುಗಳು ಕೈ ಸೇರಿದ್ದು 2017ರ ಜುಲೈ ಕೊನೆಯಲ್ಲಿ.

ಬ್ಯಾಟರಿಯನ್ನು ಮಾರದಿರುವ ಹಳೆಯ ಉಪಾಯವನ್ನೂ ಕೆಲವರು ಮತ್ತೆ ಪ್ರಯತ್ನಿಸಿದರು. ಇಸ್ರೇಲಿನ ಬೆಟರ್ ಪ್ಲೇಸ್ ಕಂಪನಿ ಬ್ಯಾಟರಿ ಬದಲಿಸುವ ಕೇಂದ್ರಗಳನ್ನು ಕಟ್ಟಿ 2013ರ ಮೇನಲ್ಲಿ ದಿವಾಳಿಯಾಯಿತು. ಕಟ್ಟಡಗಳಿಗೆ ಹೂಡಿದ ಹಣಕ್ಕೆ ತಕ್ಕಷ್ಟು ಕಾರುಗಳು ರಸ್ತೆಗೆ ಬಂದಿರಲಿಲ್ಲ. ಫ್ರಾನ್ಸಿನ ರೆನೊ ಕಂಪನಿ 'ಜೋ' ಕಾರಿನ ಬ್ಯಾಟರಿಯನ್ನು ಹಲವು ವರ್ಷ ಬಾಡಿಗೆಗೆ ಕೊಟ್ಟಿತು.

ನಮ್ಮ ದೇಶದಲ್ಲಿ ಬೇಡಿಕೆ ಪತ್ರ

ಭಾರತದಲ್ಲಿ 2019ರ ಆಗಸ್ಟ್ 1ರಿಂದ ವಿದ್ಯುತ್ ವಾಹನಗಳ ಮೇಲಿನ ಜಿಎಸ್‌ಟಿಯನ್ನು ಶೇಕಡಾ 12ರಿಂದ 5ಕ್ಕೆ ಇಳಿಸಲಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟಾಟಾ ಕಂಪನಿ 21,000 ರೂಪಾಯಿ ಮುಂಗಡ ಪಡೆದು 'ನೆಕ್ಸಾನ್ ಇವಿ' ಕಾರಿಗೆ ಹೆಸರು ಬರೆಸಿಕೊಂಡಿತು. 2020ರ ಜನವರಿಯಲ್ಲಿ ಕಾರು ಬಿಡುಗಡೆಯಾಯಿತು. ಬ್ಯಾಟರಿ 30.2 ಯುನಿಟ್ ಸಾಮರ್ಥ್ಯದ್ದು. ಅದಕ್ಕೆ ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ. ಪರೀಕ್ಷಾ ಸಂಸ್ಥೆ ದೃಢೀಕರಿಸಿದ ದೂರ 312 ಕಿ.ಮೀ.; ಆದರೆ ಪ್ರಯೋಗಶಾಲೆಯ ಈ ದೂರ ರಸ್ತೆಯಲ್ಲಿ ದಕ್ಕುವುದಿಲ್ಲ ಎಂಬುದನ್ನು ಕೊಳ್ಳುವವರು ನೆನಪಿಡಬೇಕು. ಕಾರು ಮನೆಗೆ ಬರುವಾಗ ಅದರ ನೋಂದಣಿ ಫಲಕ ಹಸಿರು ಬಣ್ಣದ್ದಾಗಿರುತ್ತದೆ. ಖಾಸಗಿ ವಾಹನಕ್ಕೆ ಬಿಳಿ ಅಕ್ಷರ, ಬಾಡಿಗೆ ವಾಹನಕ್ಕೆ ಹಳದಿ ಅಕ್ಷರ.

2024ರ ಸೆಪ್ಟೆಂಬರಿನಲ್ಲಿ ಎಂಜಿ ಕಂಪನಿ 'ವಿಂಡ್ಸರ್' ಕಾರನ್ನು ಬ್ಯಾಟರಿಯ ಬೆಲೆ ಸೇರಿಸದೆ 9.99 ಲಕ್ಷ ರೂಪಾಯಿಗೆ ಕೊಡುವುದಾಗಿ ಘೋಷಿಸಿತು. ಬ್ಯಾಟರಿಗೆ ಓಡಿದ ಪ್ರತಿ ಕಿಲೋಮೀಟರಿಗೆ ಮೂರೂವರೆ ರೂಪಾಯಿ. ಇದನ್ನು ಹೊಸ ಆವಿಷ್ಕಾರವೆಂದು ಹಲವರು ಮೆಚ್ಚಿದರು. ಹಾರ್ಟ್‌ಫರ್ಡಿನ ವರ್ತಕರು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಸಹಿ ಹಾಕಿದ್ದು ಇಂಥದೇ ಕರಾರಿಗೆ.

ಈ ಚರಿತ್ರೆಯನ್ನು ತರಗತಿಯ ಲೆಕ್ಕವಾಗಿಯೂ ಬಳಸಬಹುದು. 230 ವೋಲ್ಟಿನ, 15 ಆಂಪೇರ್ ಸಾಕೆಟ್ ಹೆಚ್ಚೆಂದರೆ 3.45 ಕಿಲೋವಾಟ್ ಕೊಡಬಲ್ಲದು. 30.2 ಯುನಿಟ್ ತುಂಬಲು ಎಷ್ಟು ಗಂಟೆ ಬೇಕು? ನಷ್ಟ ಶೇಕಡಾ 10 ಎಂದು ಹಿಡಿದರೆ ಉತ್ತರ ಹತ್ತು ಗಂಟೆಯ ಆಸುಪಾಸು ಬರುತ್ತದೆ. ರೇವಾ ಒಂದು ಕಿಲೋಮೀಟರಿಗೆ ಬಳಸುತ್ತಿದ್ದುದು 0.12 ಯುನಿಟ್ ಎಂಬುದನ್ನೂ ವಿದ್ಯಾರ್ಥಿಗಳೇ ಭಾಗಿಸಿ ಕಂಡುಕೊಳ್ಳಬಹುದು. ಇನ್ನೊಂದು ಲೆಕ್ಕ ಹೆಚ್ಚು ಪ್ರಯೋಜನಕರ: ತಿಂಗಳಿಗೆ 500 ಕಿ.ಮೀ. ಓಡಿಸುವವರಿಗೆ ಬ್ಯಾಟರಿಯನ್ನು ಕೊಳ್ಳುವುದು ಲಾಭವೋ, ಕಿಲೋಮೀಟರಿಗಿಷ್ಟೆಂದು ಬಾಡಿಗೆ ಕೊಡುವುದು ಲಾಭವೋ? 2,000 ಕಿ.ಮೀ. ಓಡಿಸುವವರಿಗೆ? ಎಂಟು ವರ್ಷಗಳಿಗೆ ಲೆಕ್ಕ ಹಾಕಿದರೆ ಇಬ್ಬರಿಗೂ ಒಂದೇ ಉತ್ತರ ಸರಿಹೊಂದುವುದಿಲ್ಲ ಎಂಬುದು ತಿಳಿಯುತ್ತದೆ.

ಬ್ಯಾಟರಿಯ ರಸಾಯನ ಬದಲಾಗುತ್ತಿದೆ. ಸೀಸ ಹೋಗಿ ನಿಕ್ಕಲ್, ನಿಕ್ಕಲ್ ಹೋಗಿ ಲಿಥಿಯಮ್ ಬಂದಿದೆ. ಸವೆಯುವ ಗುಣ ಮಾತ್ರ ಯಾವುದನ್ನೂ ಬಿಟ್ಟಿಲ್ಲ. ಆದ್ದರಿಂದ ವಿದ್ಯುತ್ ಕಾರಿನ ಬೇಡಿಕೆ ಪತ್ರಕ್ಕೆ ಸಹಿ ಹಾಕುವವರು ಬಣ್ಣ ಆರಿಸುವ ಮೊದಲು ವಾರಂಟಿಯ ಪುಟವನ್ನು ತೆರೆಯುವುದು ಒಳ್ಳೆಯದು. ಎಷ್ಟು ವರ್ಷ, ಎಷ್ಟು ಕಿಲೋಮೀಟರ್, ಸಾಮರ್ಥ್ಯ ಶೇಕಡಾ ಎಷ್ಟಕ್ಕೆ ಇಳಿದರೆ ಬದಲಿಸಿ ಕೊಡುತ್ತಾರೆ, ಕಾರನ್ನು ಇನ್ನೊಬ್ಬರಿಗೆ ಮಾರಿದರೆ ಆ ಭರವಸೆ ಅವರಿಗೂ ಸಲ್ಲುತ್ತದೆಯೆ ಎಂಬ ನಾಲ್ಕು ಪ್ರಶ್ನೆಗಳಿಗೆ ಅಲ್ಲಿ ಉತ್ತರವಿರಬೇಕು.